ಅಳಿಸುವ ಮುಂಚೆ ಒಂದು ಪ್ರತಿ

ಬೆಳಗಾಗುವಷ್ಟರಲ್ಲಿ ಕಂಪ್ಯೂಟರಿನಲ್ಲಿದ್ದ ಫೋಟೋಗಳೆಲ್ಲ ಬಿಳಿ ಹಾಳೆಗಳಾಗಿದ್ದವು. ಒತ್ತಿದರೆ ಒಂದೂ ತೆರೆಯದು. ಕಟ್ಟಡಗಳ ನಕ್ಷೆ ಬರೆಯುವ ಆ ಮಹಾಶಯನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ, ಇವಂತೂ ಅವನ ಕೆಲಸದ ಫೋಟೋಗಳು. ಇದನ್ನು ಯಾರು ಮುಟ್ಟಿದ್ದು ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದ. ಅವನು ಕೂಗಾಡಿದರೆ ಅವಳಿಗೆ ಅಷ್ಟು ಭಯವಿರಲಿಲ್ಲ. ಅವನು ಮೆಲ್ಲಗೆ ಮಾತಾಡಿದ ದಿನವೇ ಅವಳ ಮೈಮೇಲೆ ಕಲೆ ಬೀಳುತ್ತಿದ್ದದ್ದು.

ತಾನಲ್ಲ ಎಂದಳು. ಮುಟ್ಟಿದ್ದು ಅವಳೇ. ತೋಳಿನ ಕಲೆಗಳ ಫೋಟೋ ತೆಗೆದು ಬೇರೆ ಊರಲ್ಲಿದ್ದ ಅಕ್ಕನಿಗೆ ಕಳಿಸೋಣವೆಂದು, ಫೋಟೋ ಚಿಕ್ಕದು ಮಾಡುವ ಒಂದು ಪ್ರೋಗ್ರಾಂ ಹಾಕಿಕೊಂಡಿದ್ದಳು. ಕಳಿಸುವ ಧೈರ್ಯ ಮಾತ್ರ ಬರಲಿಲ್ಲ. ನಿನ್ನೆ ಹೆದರಿ ಫೋಟೋಗಳನ್ನು ಅಳಿಸಿ, ಪ್ರೋಗ್ರಾಮನ್ನೂ ಕಿತ್ತುಹಾಕಿದಳು. ಆ ದರಿದ್ರದ್ದು ಹೋಗುವಾಗ ಗಂಡನ ಫೋಟೋಗಳನ್ನೂ ಹೀಗೆ ಮಾಡಿ ಹೋಗುತ್ತದೆಂದು ಯಾರಿಗೆ ಗೊತ್ತಿತ್ತು!

ಮಧ್ಯಾಹ್ನ ಕಂಪ್ಯೂಟರ್ ರಿಪೇರಿಯವಳು ಬಂದಳು. ತಗಡಿನ ಡಬ್ಬಿಯಿಲ್ಲದೆ ಎಲ್ಲೂ ಹೊರಡದ ಅವಳನ್ನು ಬೀದಿಯವರೆಲ್ಲ ಡಬ್ಬಿ ಅಕ್ಕ ಎನ್ನುತ್ತಿದ್ದರು. ನನ್ನ ಫೈಲನ್ನು ನೀನೇ ಅಳಿಸಿದೆ ಎಂದು ಯಾವನೋ ಗಿರಾಕಿ ಹಿಂದೊಮ್ಮೆ ನಾಲ್ಕು ಜನರ ಮುಂದೆ ಅವಳ ಮಾನ ಕಳೆದಿದ್ದ. ಅಂದಿನಿಂದ ಅವಳದೊಂದು ಪದ್ಧತಿ: ಏನನ್ನೇ ಅಳಿಸುವ ಮುಂಚೆ ಪ್ರತಿ ಬೇಕೇ ಎಂದು ಕೇಳುವಳು, ಅಳಿಸುವ ಗುಂಡಿಯನ್ನು ಮನೆಯವರ ಕೈಯಲ್ಲೇ ಒತ್ತಿಸುವಳು.

ಗಂಡ ಕುರ್ಚಿಯ ಹಿಂದೆ ಕೈಕಟ್ಟಿ ನಿಂತ. ಫೋಟೋಗಳಿಗೆ ಏನೂ ಆಗಿಲ್ಲ, ಅವನ್ನು ತೆರೆಯುವ ಕೆಲಸವನ್ನು ಯಾವುದೋ ಹೊಸ ಪ್ರೋಗ್ರಾಂ ವಹಿಸಿಕೊಂಡಿತ್ತು, ಅದನ್ನು ಯಾರೋ ತೆಗೆದಿದ್ದಾರೆ, ಅದಕ್ಕೇ ಹೀಗೆ ಕಾಣುತ್ತಿವೆ ಎಂದಳು ಡಬ್ಬಿ ಅಕ್ಕ. ತೆಗೆದರೂ ಅದರ ಚೂರುಪಾರು ಎಲ್ಲಾದರೂ ಉಳಿದಿರುತ್ತದಂತೆ.

"ಹುಡುಕಿ. ಏನಿತ್ತು ಅಂತ ನಾನೂ ನೋಡಬೇಕು," ಎಂದ ಗಂಡ, ಮೆಲ್ಲಗೆ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಂದು ಹೆಜ್ಜೆ ಒಳಗಿಟ್ಟಳು. ಪರದೆಯ ಮೇಲೆ ಒಂದರೊಳಗೊಂದು ಫೋಲ್ಡರು ತೆರೆಯುತ್ತಾ ಹೋಯಿತು. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಮೇಸ್ತ್ರಿಯದು. ಗೊಣಗುತ್ತಾ ಪಡಸಾಲೆಗೆ ಹೋದ.

ಕೊನೆಯ ಫೋಲ್ಡರಿನಲ್ಲಿ ಉಗುರಿನಷ್ಟು ಚಿಕ್ಕ ಒಂಬತ್ತು ಫೋಟೋ ಇದ್ದವು. ಎಡತೋಳು. ಕತ್ತು. ಮತ್ತೆ ಎಡತೋಳು. ಅವಳು ಅಳಿಸಿದ್ದನ್ನೆಲ್ಲ ಆ ಪ್ರೋಗ್ರಾಂ ತನ್ನ ಪಾಡಿಗೆ ತಾನು ಎತ್ತಿಟ್ಟುಕೊಂಡಿತ್ತು. ಅವಳು ಕುರ್ಚಿಯ ಪಕ್ಕಕ್ಕೆ ಧಾವಿಸಿದಳು.

ಡಬ್ಬಿ ಅಕ್ಕ ತಿರುಗಿ, ಆ ಸೆಕೆಯಲ್ಲೂ ಮಣಿಕಟ್ಟಿನವರೆಗೆ ಇಳಿದಿದ್ದ ಅವಳ ತೋಳಿನ ಬಟ್ಟೆಯನ್ನು ನೋಡಿದಳು. ದಿನಾ ಎಲ್ಲರನ್ನೂ ಕೇಳುವುದನ್ನೇ ಕೇಳಿದಳು.

"ಅಳಿಸೋ ಮುಂಚೆ ಪ್ರತಿ ಬೇಕಾ, ತಂಗಿ?"

ಬೇಡ ಎಂದು ಗುಂಡಿ ಒತ್ತಿದರೆ ಮುಗಿಯಿತು, ಯಾರಿಗೂ ಏನೂ ತಿಳಿಯದು. ಅವಳು ಬೆರಳನ್ನು ಗುಂಡಿಯ ಮೇಲೆ ಇಟ್ಟೂ ಇಟ್ಟಳು. ಆದರೆ ಈ ಒಂಬತ್ತೂ ಹೋದರೆ, ಅಕ್ಕನಿಗೆ ತೋರಿಸಲು ಹತ್ತನೆಯದಕ್ಕೆ ಮತ್ತೆ ತೋಳು ಒಡ್ಡಬೇಕಾಗುತ್ತದೆ.

"ಬೇಕು," ಎಂದಳು. ಬೆರಳನ್ನು ಹಿಂದೆಗೆದುಕೊಂಡಳು.

ಡಬ್ಬಿಯಿಂದ ಪೆನ್‌ಡ್ರೈವು ಹೊರಬಂತು. ಪರದೆಯ ಮೇಲೆ, ಪ್ರತಿ ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ತೆವಳತೊಡಗಿತು. ಪಡಸಾಲೆಯಲ್ಲಿ ಮಾತು ನಿಂತು ಹೆಜ್ಜೆ ಸಪ್ಪಳ ಕೇಳಿಸಿತು. ಪಟ್ಟಿ ತುಂಬಿದ್ದೇ ಡಬ್ಬಿ ಅಕ್ಕ ಪೆನ್‌ಡ್ರೈವನ್ನು ಕಿತ್ತು ಅವಳ ಅಂಗೈಗೆ ಒತ್ತಿದಳು. ಅವಳು ಅಳಿಸುವ ಗುಂಡಿ ಒತ್ತಿದಳು.

ಅವನು ಒಳಗೆ ಬಂದಾಗ ಡಬ್ಬಿ ಅಕ್ಕ ಫೋಟೋ ತೆರೆಯುವ ಹಳೆಯ ಪ್ರೋಗ್ರಾಮನ್ನು ಮತ್ತೆ ಜೋಡಿಸುತ್ತಿದ್ದಳು. ಬಿಳಿ ಹಾಳೆಗಳು ಒಂದೊಂದಾಗಿ ಗೋಡೆ, ಕಂಬ, ಮೆಟ್ಟಿಲುಗಳಾದವು. ತೆಗೆದಿದ್ದದ್ದು ಇಂಟರ್ನೆಟ್ಟಿನಿಂದ ತಾನಾಗಿ ಬಂದು ಸೇರಿಕೊಂಡು ತಾನಾಗಿ ಹೋಗುವ ಕಸ, ಯಾರೂ ಮುಟ್ಟಿದ್ದಲ್ಲ ಎಂದು ಡಬ್ಬಿ ಅಕ್ಕ ಸುಳ್ಳು ಹೇಳಿದಳು.

"ಅದರ ಕುರುಹು ಏನೂ ಉಳಿದಿಲ್ಲ ತಾನೆ?"

"ಈ ಕಂಪ್ಯೂಟರಲ್ಲಿ ಏನೂ ಇಲ್ಲ," ಎಂದು ಡಬ್ಬಿ ಮುಚ್ಚಿದಳು.

ಗಂಡ ಹೆಂಡತಿಯ ಕಡೆ ತಿರುಗಿದ. ಬಿಗಿಹಿಡಿದ ಮುಷ್ಟಿಯನ್ನೇ ನೋಡುತ್ತಾ, ಕೈಯಲ್ಲೇನು ಎಂದು ಮೆಲ್ಲಗೆ ಕೇಳಿದ.

ಅವಳು ಇನ್ನೊಂದು ಕೈಯಲ್ಲಿ ಡಬ್ಬಿಯ ಹಿಡಿಯ ಒಂದು ಬದಿಯನ್ನು ಎತ್ತಿಕೊಂಡು, "ಅಕ್ಕಾ, ಕೆಳಗಿನವರೆಗೆ ನಾನೂ ಬರ್ತೀನಿ," ಎಂದಳು. ಕೆಳಗೆ ಡಬ್ಬಿ ಅಕ್ಕ ಡಬ್ಬಿಯನ್ನು ತಾನೊಬ್ಬಳೇ ಎತ್ತಿಕೊಂಡಳು, ಆದರೂ ಹೆಂಡತಿ ಮೇಲಕ್ಕೆ ಹಿಂತಿರುಗಲಿಲ್ಲ. ತನ್ನ ಒಡಹುಟ್ಟಿದ ಅಕ್ಕನ ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.