ಸಹನಳನ್ನು ಹಿಡಿಯದ ಕ್ಯಾಮೆರಾ

ಬೆಳಗೊಳದ ಲೋಕೇಶನಿಗೆ ಹಾಲಿನ ಘಟಕವೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಮನೆಗೆ ಬಂದರೆ ರೋಬೋಟಿನ ಹುಚ್ಚು. ನಾಲ್ಕು ವರ್ಷದ ಮಗಳು ಸಹನಳಿಗೆಂದು ಈ ಸಲ ಒಂದು ತಲೆ ಮಾಡಿದ್ದ. ಕತ್ತಿನಲ್ಲಿ ಎರಡು ಪುಟ್ಟ ಮೋಟಾರು, ಹಣೆಯಲ್ಲಿ ಕ್ಯಾಮೆರಾ. ಎದುರಿಗೆ ಯಾರಾದರೂ ಬಂದರೆ ಲ್ಯಾಪ್‌ಟಾಪಿನ ಸಾಫ್ಟ್‌ವೇರು ಅವರ ಮುಖ ಗುರುತಿಸಿ ಸುತ್ತ ಹಸಿರು ಚೌಕ ಎಳೆಯುತ್ತಿತ್ತು. ಚೌಕ ಸರಿದ ಕಡೆಗೆ ತಲೆ ತಿರುಗಬೇಕು.

ಅವನು ಓಡಾಡಿದರೆ ತಿರುಗಿತು. ಹೆಂಡತಿ ರಂಜಿತ ಬಟ್ಟೆ ಮಡಚುತ್ತ ಅತ್ತಿತ್ತ ಹೋದರೂ ತಿರುಗಿತು. ಕೊಟ್ಟಿಗೆಯಿಂದ ಬಂದ ಅವನ ತಾಯಿ ಅಣ್ಣಮ್ಮ ಬಾಗಿಲಲ್ಲೇ ನಿಂತು, "ನನ್ನೇನ್ಲಾ ಇಂಗೆ ದುರುಗುಟ್ಕೊಂಡು ನೋಡ್ತೈತೆ?" ಅಂದರು. ಸಹನ ಬಂದು ನಿಂತಾಗ ಮಾತ್ರ ತಲೆ ಒಂದೆರಡು ಸಲ ನಡುಗಿ ಗೋಡೆಯ ಕಡೆ ತಿರುಗಿ ನಿಂತುಬಿಟ್ಟಿತು.

"ಅಪ್ಪ, ಅದು ನನ್ ಜೊತೆ ಟೂ ಬುಟ್ಟೈತೆ," ಅಂದಳು ಅವಳು.

ಮಗು ಕುಳ್ಳಿ, ಅದಕ್ಕೇ ಇರಬೇಕು ಎಂದುಕೊಂಡು ಲೋಕೇಶ ರೋಬೋಟಿನ ತಲೆಯನ್ನು ಮೇಜಿನಿಂದ ಇಳಿಸಿ ಮಣೆಯ ಮೇಲಿಟ್ಟ. ಆಗಲಿಲ್ಲ. ಬಾಗಿಲ ಬೆಳಕು ಅಡ್ಡ ಬರುತ್ತಿದೆಯೆಂದು ಪರದೆ ಎಳೆದ. ವೈರು ಬದಲಾಯಿಸಿದ, ಸಡಿಲವಾಗಿದ್ದ ಕ್ಯಾಮೆರಾವನ್ನು ಬಿಗಿ ಮಾಡಿದ, ಸಾಫ್ಟ್‌ವೇರನ್ನು ಅಳಿಸಿ ಹೊಸದಾಗಿ ಹಾಕಿದ. ಏನು ಮಾಡಿದರೂ ಬೇರೆಯವರಿಗೆಲ್ಲ ಬರುವ ಚೌಕ ಮಗಳಿಗೆ ಬರದು. ಒಂದು ಭಾನುವಾರ ಬೆಳಗ್ಗೆಯಿಂದ ಅವಳನ್ನು ನಿಲ್ಲಿಸಿಕೊಂಡು ಸಾಕಾಗಿ, "ನೆಟ್ಟಗೆ ನಿಂತ್ಕೊಳಮ್ಮಿ! ಅದ್ಯಾಕೆ ಅಂಗೆ ವಾಲ್ತೀಯಾ?" ಎಂದು ಗದರಿಬಿಟ್ಟ. ಮಗು ಅಳುತ್ತ ಅಜ್ಜಿಯ ಸೆರಗು ಹಿಡಿಯಿತು.

"ಮಗೀನ ಬೋದ್ರೆ ನಿನ್ ಮಿಸನ್ನು ಸರಿಯಾಯ್ತದಾ? ಬುಡ್ಲಾ ಅತ್ಲಾಗೆ," ಎಂದರು ಅಣ್ಣಮ್ಮ.

ರೋಬೋಟ್ ಮಾಡುವ ಹವ್ಯಾಸಿಗಳ ಗುಂಪಿನಲ್ಲಿ ಕೇಳಿದಾಗ ಯಾರೋ ಉತ್ತರಿಸಿದ್ದರು: ಆ ಸಾಫ್ಟ್‌ವೇರು ಕಲಿತಿರುವುದು ನೇರವಾಗಿರುವ ಮುಖಗಳನ್ನು ಮಾತ್ರ, ತಲೆ ಓರೆಯಾದರೆ ಅದಕ್ಕೆ ಮುಖವೆಂದೇ ತಿಳಿಯುವುದಿಲ್ಲ, ಚಿತ್ರವನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗಿಸಿ ಮತ್ತೆ ಹುಡುಕಿಸಿ ನೋಡಿ. ಲೋಕೇಶ ಹಾಗೇ ಮಾಡಿದ. ಮರುಕ್ಷಣವೇ ಸಹನಳ ಮುಖದ ಸುತ್ತ ಚೌಕ ಬಂತು. ರೋಬೋಟಿನ ತಲೆ ಅವಳ ಹಿಂದೆ ಹಿಂದೆಯೇ ತಿರುಗಿತು. ಅವಳು ಕೇಕೆ ಹಾಕಿ ಕೋಣೆಯೆಲ್ಲ ಓಡಿದಳು.

ಲೋಕೇಶ ನಗಲಿಲ್ಲ. ಯಾವ ಚಿತ್ರದಲ್ಲಿ ಮುಖ ಸಿಕ್ಕಿತೆಂಬುದು ಲ್ಯಾಪ್‌ಟಾಪಿನ ಪರದೆಯ ಮೂಲೆಯಲ್ಲಿ ಮೂಡುತ್ತಿತ್ತು. ನೇರ ಚಿತ್ರದಲ್ಲಿ ಒಮ್ಮೆಯೂ ಇಲ್ಲ, ಒಂದು ಬದಿಗೆ ತಿರುಗಿಸಿದ್ದರಲ್ಲಿ ಮಾತ್ರ. ಕೂತರೂ, ಓಡಿದರೂ, ಬಿಸ್ಕತ್ತು ತಿನ್ನುವಾಗಲೂ ಅದೇ ಬದಿ. ಅವನು ಫೋನು ತೆಗೆದು ಹಳೆಯ ಫೋಟೋಗಳನ್ನು ನೋಡಿದ. ಹುಟ್ಟುಹಬ್ಬದಲ್ಲಿ, ಕನ್ನಂಬಾಡಿಯ ತೋಟದಲ್ಲಿ, ಅಂಗನವಾಡಿಯ ಮುಂದೆ, ಎಲ್ಲದರಲ್ಲೂ ಅವಳ ತಲೆ ಬಲ ಭುಜದ ಕಡೆ ವಾಲಿತ್ತು. ಗುಬ್ಬಿ ಹಂಗೆ ನೋಡ್ತಾಳೆ ಎಂದು ಮನೆಯವರೆಲ್ಲ ಮುದ್ದು ಮಾಡಿದ್ದ ವಾಲು ಅದು.

ಅವನು ಮಗಳನ್ನು ಮುಂದೆ ಕೂರಿಸಿಕೊಂಡು ಎರಡೂ ಕೈಯಿಂದ ಮೆಲ್ಲಗೆ ತಲೆ ನೇರ ಮಾಡಿದ.

"ಈಗ ನನ್ನ ನೋಡವ್ವ. ಏನ್ ಕಾಣ್ತದೆ?"

"ಇಬ್ರು ಅಪ್ಪ."

"ಇಬ್ರಾ?"

"ಊಂ. ಮ್ಯಾಲೊಬ್ಬ, ಕೆಳಗೊಬ್ಬ." ಕೈ ಬಿಟ್ಟೊಡನೆ ತಲೆ ಮತ್ತೆ ವಾಲಿತು. "ಈಗ ಒಬ್ಬ ಅಪ್ಪ," ಎಂದು ಅವಳು ಎದ್ದು ಆಡಲು ಹೋದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರಂಜಿತ ಬಂದು ಪಕ್ಕದಲ್ಲಿ ಕೂತಳು. "ಫೋಟೋ ತೆಗ್ಯೋವಾಗೆಲ್ಲ ನಾನೂ ಗದರಿದ್ನಲ್ಲಾ, ತಲೆ ಸರಿ ಮಾಡ್ಕೋ ಅಂತ," ಅಂದಳು.

ಮೈಸೂರಿನ ಕಣ್ಣಿನ ಡಾಕ್ಟರು ಮಗುವಿನ ಜೊತೆ ಆಟವಾಡುತ್ತಲೇ ಬಹಳ ಹೊತ್ತು ನೋಡಿದರು. ಎಡಗಣ್ಣನ್ನು ತಿರುಗಿಸುವ ಒಂದು ಸ್ನಾಯುವಿನ ನರ ದುರ್ಬಲವಾಗಿದೆ, ಬಹುಶಃ ಹುಟ್ಟಿದಾಗಿನಿಂದ. ಎರಡೆರಡು ಕಾಣುವುದನ್ನು ತಪ್ಪಿಸಿಕೊಳ್ಳಲು ಮಗು ತಾನಾಗಿಯೇ ತಲೆ ವಾಲಿಸುವುದನ್ನು ಕಲಿತಿದೆ ಎಂದರು. "ಬೇರೆ ಏನೂ ಇಲ್ಲ ಅಂತ ಖಚಿತ ಮಾಡಿಕೊಳ್ಳೋಕೆ ತಲೆಯ ಸ್ಕ್ಯಾನ್ ಆಗಬೇಕು," ಎಂಬ ಮಾತೊಂದು ಗಂಡ ಹೆಂಡತಿಯರ ಕಿವಿಯಲ್ಲಿ ಉಳಿಯಿತು. ವಾಪಸು ಬರುವ ಬಸ್ಸಿನಲ್ಲಿ ಮಗು ಕಿಟಕಿಯಾಚೆಯ ಗದ್ದೆ, ನಾಲೆ, ಕೊಕ್ಕರೆಗಳನ್ನು ಕೂಗಿ ಕೂಗಿ ತೋರಿಸುತ್ತಿತ್ತು.

ಸ್ಕ್ಯಾನಿನಲ್ಲಿ ಗಡ್ಡೆಯೇನೂ ಇರಲಿಲ್ಲ. ಆದರೆ ಆಪರೇಷನ್ ಬೇಕೆಂದರು. ಅಣ್ಣಮ್ಮ ಒಪ್ಪಲಿಲ್ಲ. "ಚೆಂದಾಗಿ ಆಡ್ಕೊಂಡವ್ಳೆ. ಕಣ್ಣಿಗೆ ಚೂರಿ ಆಕುಸ್ತೀಯೇನ್ಲಾ?" ಎಂದು ಅತ್ತರು. ಇಂಗೇ ಬುಟ್ರೆ ಕತ್ತು, ಬೆನ್ನು ಎಲ್ಲ ಸೊಟ್ಟಗಾಯ್ತದಂತೆ ಎಂದು ಲೋಕೇಶ ಎಷ್ಟು ಹೇಳಿದರೂ ಎರಡು ದಿನ ಮಗನ ಜೊತೆ ಮಾತು ಬಿಟ್ಟರು. ಆದರೂ ಆಸ್ಪತ್ರೆಗೆ ಹೊರಟ ದಿನ ಎಲ್ಲರಿಗಿಂತ ಮೊದಲು ಆಟೋ ಹತ್ತಿ ಕೂತವರು ಅವರೇ.

ಆಪರೇಷನ್ ಆಯಿತು. ಎರಡೆರಡು ಕಾಣುವುದು ಬಹಳ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಬೆಳೆದ ಮೇಲೆ ಇನ್ನೊಂದು ಸಲ ಬೇಕಾದರೂ ಬೇಕಾಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಅಷ್ಟು ದಿನ ವಾಲಿದ್ದ ಕತ್ತು ಬಿಗಿದುಕೊಂಡಿದೆ, ಅದನ್ನು ದಿನಾ ಎಳೆದು ಸಡಿಲಿಸಬೇಕು. ಆ ಕೆಲಸವನ್ನು ಅಣ್ಣಮ್ಮ ತಮಗೆ ಬೇಕೆಂದು ಕೇಳಿ ಪಡೆದರು. ಬೆಳಗ್ಗೆ ಹಾಲು ಕರೆದ ಮೇಲೆ ಜಗುಲಿಯಲ್ಲಿ ಮೊಮ್ಮಗಳನ್ನು ಮಡಿಲಿಗೆ ಮಲಗಿಸಿಕೊಂಡು, ಹೇಳಿಕೊಟ್ಟಂತೆ ನಿಧಾನವಾಗಿ ಕತ್ತು ತಿರುಗಿಸುತ್ತಾರೆ. ಸಹನ ನೋವು ನೋವು ಎಂದು ಅಳುತ್ತಾಳೆ. "ಇನ್ನೊಂದೇ ಸಲ ಕಣವ್ವ, ಆಯ್ತು, ಆಗೋಯ್ತು," ಎನ್ನುತ್ತಲೇ ಅವರು ಅದನ್ನು ಮುಗಿಸುತ್ತಾರೆ. ಆಮೇಲೆ ಮಗುವನ್ನು ರಂಜಿತಳ ಕೈಗೆ ಕೊಟ್ಟು, ಹಸುವಿಗೆ ಹುಲ್ಲು ಹಾಕಬೇಕೆಂದು ಹೇಳಿ ಕೊಟ್ಟಿಗೆಗೆ ಹೋದರೆ ಬಹಳ ಹೊತ್ತು ಈಚೆಗೆ ಬರುವುದಿಲ್ಲ.