ಸೀಟಿನಡಿಯ ಬಿಸಿ

ಹುಳಿ, ಒಡೆದ ಹಾಲನ್ನು ಮುಚ್ಚಳ ಹಾಕಿ ಮರೆತುಬಿಟ್ಟ ಹಾಗೆ ಹುಳಿ, ಅದರ ಮೇಲೆ ಕನ್ನಡಿಗೆ ತೂಗುಹಾಕಿದ ಸೆಂಟಿನ ಬಿಲ್ಲೆಯ ಸುಳ್ಳು ನಿಂಬೆ, ಎರಡೂ ಕಲೆತು ಗಂಟಲಿಗೇ ಇಳಿಯುತ್ತಿವೆ, ಯಾವುದೋ ಮಗು ಇಲ್ಲಿ ಕಕ್ಕಿದೆ, ಒರೆಸಿದವರು ಮೇಲೆ ಮೇಲೆ ಒರೆಸಿದ್ದಾರೆ, ಲೋಕವೇ ಹಾಗೆ, ಮೇಲೆ ಒರೆಸಿ ಸೆಂಟು ಹಾಕುವುದು — ವೈರಣ್ಣ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಆ ಹಳೇ ಕಾರಿನ ನೆಲಕ್ಕೆ ಕೆನ್ನೆಯಿಟ್ಟಿದ್ದಾನೆ, ಐವತ್ತೊಂದು ವರ್ಷದ ಸೊಂಟ ಬಾಗಿಲಿನಾಚೆ, ತಲೆ ಸೀಟಿನಡಿ, ಕಣ್ಣೆದುರು ಪೆನ್ನಿನ ಮುಚ್ಚಳ, ಬಿಸ್ಕತ್ತಿನ ಪುಡಿ, ಪುಡಿಗೆ ಮುತ್ತಿದ ಇರುವೆ, ಜಗಿದು ಅಂಟಿಸಿದ ಗಮ್ಮು, ಥೂ. ಫೋನೂ ಅಷ್ಟೇ. ಮುಂದುಗಡೆ ಫೋನಿನ ಅಂಗಡಿ, ಹಿಂದುಗಡೆ ತಗಡಿನ ಶೆಡ್ಡಿನಲ್ಲಿ ಕಾರಿನ ವೈರಿಂಗು, ಎರಡು ದೋಣಿಯಲ್ಲಿ ಕಾಲಿಟ್ಟು ಸಂಸಾರ ದಾಟಿಸುತ್ತಿರುವವನಿಗೆ, ವೈರು ಹಿಡಿದೂ ಹಿಡಿದೂ ಹೆಸರೇ ವೈರಣ್ಣನಾಗಿ ಹೋದವನಿಗೆ, ಗೊತ್ತಿರುವುದು ಒಳಗಿನ ಕೊಳೆಯೊಂದೇ — ಚಾರ್ಜ್ ಆಗ್ತಿಲ್ಲ ಅಂತ ತರುತ್ತಾರೆ, ಸೂಜಿ ಹಾಕಿ ಕೆದಕಿದರೆ ಜೇಬಿನ ನೂಲಿನ ಉಂಡೆ, ಮಾತು ಕೇಳಿಸ್ತಿಲ್ಲ ಅಂತ ತರುತ್ತಾರೆ, ಜಾಲರಿಯ ತುಂಬ ಕಿವಿಯ ಮೇಣ, ಹಳದಿ, ಉಜ್ಜಿ ತೆಗೆದು ಕೊಟ್ಟರೆ ಇಷ್ಟೇನಾ ಅಂತಾರೆ, ಇಷ್ಟೇ ಸ್ವಾಮಿ, ನಿಮ್ಮದೇ ಕಿವಿ. ಕಾರು ತಂದ ನರ್ಸಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ, ಬಿಳಿ ಯೂನಿಫಾರ್ಮಿನ ಮೇಲೆ ಸ್ವೆಟರು, ಸಂಜೆ ಆರಕ್ಕೆ ಡ್ಯೂಟಿಯಂತೆ, ಅಣ್ಣಾ ಎರಡು ದಿನ ನಿಲ್ಲಿಸಿದ್ರೆ ಸಾಕು, ಕಟಕಟ ಅಂದು ಸುಮ್ನಾಗತ್ತೆ, ನೀವೇ ಹೊಸ ಬ್ಯಾಟರಿ ಹಾಕಿ ಹದಿನೈದು ದಿನ ಆಗಿಲ್ಲ. ಹೌದು, ಆವತ್ತು ಪರೀಕ್ಷೆಯನ್ನೂ ಮಾಡದೆ ಬ್ಯಾಟರಿ ಬದಲಿಸಿ ಕಳಿಸಿದವನು ಇವನೇ, ಇವನೂ ಮೇಲೆ ಒರೆಸಿದವನೇ. ಇವತ್ತು ಸರಿಯಾಗಿ ಮಾಡಿದ, ಕೀ ತೆಗೆದು, ಬ್ಯಾಟರಿಯ ವೈರು ಬಿಚ್ಚಿ ನಡುವೆ ಮೀಟರು ಕೂಡಿಸಿ ನೋಡಿದರೆ ಮಲಗಿರಬೇಕಾದ ಕಾರು ಗಟಗಟ ಕರೆಂಟು ಕುಡಿಯುತ್ತಿದೆ, ಒಳಗೆ ಏನೋ ಎಚ್ಚರವಾಗಿದೆ. ಫ್ಯೂಸುಗಳನ್ನು ಒಂದೊಂದೇ ಕಿತ್ತ, ಹಾರನ್ನಿನದು, ಅಲ್ಲ, ರೇಡಿಯೋದು, ಅಲ್ಲ, ಚಾವಣಿಯ ದೀಪದ್ದು ಕಿತ್ತಾಗ ಮೀಟರಿನ ಅಂಕಿ ದಬಕ್ಕನೆ ಬಿತ್ತು. ದೀಪವೋ ಆರಿಯೇ ಇದೆ, ಅಂದರೆ ಅದರ ವೈರಿನಿಂದ ಯಾರೋ ಕದ್ದಿದ್ದಾರೆ, ಫ್ಯೂಸು ಮತ್ತೆ ಸಿಕ್ಕಿಸಿ ಆ ಕಳ್ಳ ವೈರಿನ ಬೆನ್ನು ಹತ್ತಿದ, ಅದು ಬಾಗಿಲ ಪಕ್ಕದ ಕಂಬದೊಳಗಿಂದ ಇಳಿದು ಕಾರ್ಪೆಟ್ಟಿನಡಿ ನುಸುಳಿ ಇಲ್ಲಿಗೆ ಬಂದಿದೆ, ಇಲ್ಲಿ, ಸೀಟಿನ ಹೊಟ್ಟೆಗೆ, ಬೆರಳಿಗೆ ಏನೋ ತಗುಲಿತು. ಬೆಚ್ಚಗಿದೆ. ಹಿಂದೊಮ್ಮೆ ಒಂದು ಕಾರಿನ ಫಿಲ್ಟರಿನ ಡಬ್ಬಿಯಲ್ಲಿ ಇಲಿ ಮರಿ ಹಾಕಿತ್ತು, ಕಣ್ಣು ಬಿಡದ, ಕೂದಲಿಲ್ಲದ ಗುಲಾಬಿ ಮರಿಗಳು, ನೋಡದೆ ಕೈ ಹಾಕಿದಾಗ ಅಂಗೈಯಲ್ಲಿ ಹೀಗೇ ಬೆಚ್ಚಗೆ ಮಿಸುಕಿದ್ದವು, ಮೂರು ದಿನ ಊಟ ಸೇರಿರಲಿಲ್ಲ.

ಎಳೆದ. ಕಪ್ಪು ಟೇಪು ಚರ್ಮ ಸುಲಿದ ಹಾಗೆ ಪರಪರ ಬಿಟ್ಟುಕೊಂಡಿತು, ಕೈಗೆ ಬಂದದ್ದು ಒಂದು ಫೋನು, ಹಗಲೂ ರಾತ್ರಿ ಚಾರ್ಜಿನಲ್ಲೇ ಇದ್ದು ಹೊಟ್ಟೆ ಉಬ್ಬಿದ ಹಳೇ ಫೋನು, ಬೆನ್ನಿಗೆ ಉದ್ದ ಕೂದಲು ಅಂಟಿದೆ, ಅವಳದೇ, ಗುಂಡಿ ಒತ್ತಿದರೆ ಪರದೆ ಹೊತ್ತಿಕೊಂಡು ನಕ್ಷೆ, ನಕ್ಷೆಯಲ್ಲಿ ಈ ರಸ್ತೆ, ರಸ್ತೆಯಲ್ಲಿ ಈ ಶೆಡ್ಡು, ಶೆಡ್ಡಿನ ಮೇಲೆ ಒಂದು ನೀಲಿ ಚುಕ್ಕಿ, ಉಸಿರಾಡುವ ಹಾಗೆ ಹಿಗ್ಗುತ್ತ ಕುಗ್ಗುತ್ತ, ತನ್ನ ನೆತ್ತಿಯ ಮೇಲೇ ಯಾರೋ ಬೆರಳೂರಿದ ಹಾಗಾಯಿತು. ತಿರುಗಿಸಿದ. ಬೆನ್ನ ಮೇಲೆ ಗ್ಯಾರಂಟಿ ಚೀಟಿ, ಬೆರಳಗಲದ್ದು, ನೀಲಿ ಶಾಯಿಯಲ್ಲಿ ತಾರೀಖು, ಏಳರ ಅಂಕಿಗೆ ಹೀಗೆ ಸೊಂಟಪಟ್ಟಿಯಂತೆ ಅಡ್ಡಗೆರೆ ಎಳೆಯುವವನು ಈ ಬೀದಿಯಲ್ಲಿ ಒಬ್ಬನೇ. ಇವನೇ. ಆಗ ನೆನಪಾಯಿತು, ನಗುಮುಖದವನು, ಇಸ್ತ್ರಿ ಮುರಿಯದ ಅಂಗಿ, ಬಂದಾಗಲೆಲ್ಲ ಅಣ್ಣಾ ಊಟ ಆಯ್ತಾ ಅಂತ ಕೇಳುವವನು, ಅಣ್ಣಾ ನಮ್ಮಪ್ಪಂಗೆ ಮರೆವು, ಕಾರ್ ತಗೊಂಡು ಹೋದ್ರೆ ದಾರಿ ತಪ್ತಾರೆ, ಈ ಫೋನು ಎಲ್ಲಿದಾರೆ ಅಂತ ತೋರಿಸತ್ತೆ, ಆದ್ರೆ ಸ್ಕ್ರೀನ್ ಆರಿದ ಹತ್ತು ನಿಮಿಷಕ್ಕೆ ಇದೂ ನಿದ್ದೆ ಹೊಡೆಯತ್ತೆ, ಏನಾದ್ರೂ ಮಾಡಿ. ಮಾಡಿದ್ದ. ಬ್ಯಾಟರಿ ಉಳಿಸುವ ಸೆಟ್ಟಿಂಗು ತೆಗೆದು, ಒಳಗೊಳಗೇ ಓಡುತ್ತಿರಲು ಬಿಟ್ಟು, ಸದ್ದೆಲ್ಲ ಅಡಗಿಸಿ, ತಗೊಳ್ಳಿ, ಇನ್ನಿದು ಸತ್ರೂ ಮಲಗಲ್ಲ ಅಂದಿದ್ದ, ಎಂಥ ಮಗ ಕಣೇ, ಅಪ್ಪನ ಮೇಲೆ ಎಷ್ಟು ಕಾಳಜಿ ಅಂತ ಮನೆಗೆ ಹೋಗಿ ಹೆಂಡತಿಯ ಮುಂದೆ ಹೊಗಳಿಯೂ ಇದ್ದ, ಛೀ. ಎದೆಯ ಜೇಬಿನಲ್ಲಿ ಸ್ವಂತ ಫೋನು ನಡುಗಿತು, ಅವನೇ, ನೂರು ವರ್ಷ ಆಯಸ್ಸು ಪಾಪಿಗೆ, ಅಣ್ಣಾ ಊಟ ಆಯ್ತಾ, ನಮ್ಮನೆಯವಳು ನಿಮ್ಮ ಶೆಡ್ಡಲ್ಲೇ ಇದಾಳಲ್ಲ, ನಲವತ್ತು ನಿಮಿಷ ಆಯ್ತು, ಅಷ್ಟೊಂದೇನು ಕೆಲಸ — ಕರೆಂಟು ಸೋರ್ತಿದೆ, ಹುಡುಕ್ತಿದೀನಿ — ಅಯ್ಯೋ ಬಿಡಣ್ಣ, ಹಳೇ ಗಾಡಿ, ಬ್ಯಾಟರಿ ಸರಿ ಇಲ್ಲ ಅಂತ ಇನ್ನೊಂದು ಹಾಕಿ ಕಳಿಸಿ, ಸೀಟು ಗೀಟು ಬಿಚ್ಚೋಕೆ ಹೋಗ್ಬೇಡಿ, ಅಂದು ನಕ್ಕ, ಆ ನಗು ಮೇಣದ ಹಾಗೆ ಕಿವಿಗೆ ಮೆತ್ತಿಕೊಂಡಿತು. ಫೋನನ್ನು ಮತ್ತೆ ಅಂಟಿಸಿ ಬ್ಯಾಟರಿ ಹಾಳಾಗಿದೆ ಅಂದರೆ ಮುಗಿಯಿತು, ಅವಳು ನಂಬುತ್ತಾಳೆ, ಬ್ಯಾಟರಿ ಹಾಳಾಗಿದೆ ಅಂದರೆ ಯಾರು ಬೇಕಾದರೂ ನಂಬುತ್ತಾರೆ, ಬೆಳಿಗ್ಗೆ ಮಗಳು ನಂಬಿಲ್ಲವೇ.

ಬೆಳಿಗ್ಗೆ ಮಗಳು ತನ್ನ ಫೋನನ್ನು ಇವನ ಅಂಗೈಗೆ ಒತ್ತಿ, ಅಪ್ಪಾ ಮುಟ್ಟಿ ನೋಡು, ಇಸ್ತ್ರಿ ಪೆಟ್ಟಿಗೆ, ಮಧ್ಯಾಹ್ನಕ್ಕೆ ಪ್ರಾಣ ಬಿಡತ್ತೆ, ಲೈಬ್ರರೀಲಿ ಗೋಡೆ ಪ್ಲಗ್ಗಿಗೇ ಸಿಕ್ಕಿಸಿಟ್ಟಿರ್ಬೇಕು, ಊರೋರ ಫೋನೆಲ್ಲ ಬದುಕಿಸ್ತೀಯ, ಮಗಳದ್ದು ಮಾತ್ರ ಆಗಲ್ಲ ಅಲ್ವಾ ಡಾಕ್ಟ್ರೇ — ಮೂರು ವರ್ಷದ ಬ್ಯಾಟರಿ ಕಣೇ, ಹೋಗಿದೆ, ಭಾನುವಾರ ನೋಡೋಣ. ಭಾನುವಾರ ನೋಡಲು ಏನೂ ಇಲ್ಲ. ಅವಳು ಕಾಲೇಜು ಸೇರಿದ ವಾರ, ಸ್ನಾನಕ್ಕೆ ಹೋಗಿದ್ದಾಗ, ಬಚ್ಚಲ ನೀರಿನ ಸದ್ದಿಗೆ ಕಿವಿಗೊಟ್ಟುಕೊಂಡು ಕಳ್ಳನ ಹಾಗೆ ಮಾಡಿದ ಕೆಲಸ ಇದೇ, ಇದೇ ಸೆಟ್ಟಿಂಗು, ಇದೇ ಬೆರಳು, ಎರಡು ವರ್ಷದಿಂದ ಸಂಜೆ ಟೀ ಕುಡಿಯುತ್ತ ತನ್ನ ಫೋನಿನಲ್ಲಿ ನೋಡುತ್ತಾನೆ, ನಾಲ್ಕೂವರೆಗೆ ಮಗಳ ಚುಕ್ಕಿ ಲೈಬ್ರರಿ ಸೇರುತ್ತದೆ, ಏಳರವರೆಗೆ ಅಲ್ಲಿಯೇ, ಓದ್ತಿದಾಳೆ ಮಗಳು ಅಂದುಕೊಂಡರೆ ಸಕ್ಕರೆ ಕಡಿಮೆಯಾದ ಟೀ ಕೂಡ ಸಿಹಿ. ನಾನು ಬೇರೆ, ನಾನು ಅಪ್ಪ. ನಗುಮುಖದವನಿಗೂ ಬಾಯಿದೆ, ಅವನೂ ಅನ್ನುತ್ತಾನೆ, ನಾನು ಗಂಡ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದವನ ತಟ್ಟೆಯ ನೊಣಕ್ಕೆ ಮೂಗು ಮುಚ್ಚಿಕೊಂಡವನೇ, ಅಷ್ಟಾದರೂ ನೋಡು, ಉಗುರು ತಾನಾಗಿಯೇ ಚೀಟಿಯ ಅಂಚಿಗೆ ಹೋಗಿದೆ, ಮೊದಲು ಚೀಟಿ ಕಿತ್ತು ಆಮೇಲೆ ಅವಳಿಗೆ ಕೊಟ್ಟರಾಯಿತು, ಯಾರ ಕೈಚಳಕವೋ ಯಾರಿಗೆ ಗೊತ್ತು, ಅರ್ಧ ಹರಿದು ಬಂತು, ಉಳಿದದ್ದು ಗೋಂದು, ಗೋಂದಿಗೆ ಕೂದಲು, ಉಗುರಿನಡಿ ಬೂದು ಜಿಗುಟು — ಸಿಕ್ತಾ ಅಣ್ಣಾ? ಬಾಗಿಲ ಬಳಿ ಬಿಳಿ ಚಪ್ಪಲಿ. ಸಿಕ್ತಮ್ಮ, ಅಂದ, ಅಂದುಬಿಟ್ಟ, ಎದ್ದು ಕೂತು ಅದನ್ನು ಅವಳ ಕೈಗಿಟ್ಟ, ಇದು ನಿಮ್ಮ ಸೀಟಿನಡಿ ಇತ್ತು, ನೀವೆಲ್ಲಿದೀರ ಅಂತ ಇದು ಹೇಳ್ತಿರತ್ತೆ, ಬ್ಯಾಟರಿ ಕುಡೀತಿದ್ದಿದ್ದು ಇದೇ. ಅವಳದು ಕೀವು ರಕ್ತ ಕಂಡ ಕೈ, ಮಾತ್ರೆಯ ಹೆಸರು ಓದುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು. ಇದು ನಮ್ಮನೇದೇ, ಕಳೆದುಹೋಯ್ತು ಅಂದಿದ್ರು, ಮಗು ಹುಟ್ಟಿದ ದಿನದ ಫೋಟೋ ಎಲ್ಲ ಇದರಲ್ಲೇ ಇದ್ವು, ಅತ್ತಿದ್ದೆ ನಾನು. ಆಮೇಲೆ ಅರ್ಧ ಚೀಟಿಯ ಮೇಲೆ ಬೆರಳಿಟ್ಟು, ಈ ಏಳು ನನ್ನ ಬ್ಯಾಟರಿ ಬಿಲ್ಲಲ್ಲೂ ಇದೆ ಅಲ್ವಾ? ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಕೈ ಹೆಗಲಿಗೆ ಹೋಯಿತು, ನಾನೇ ಮಾಡ್ಕೊಟ್ಟಿದ್ದಮ್ಮ, ಮಲಗದ ಹಾಗೆ, ಅವರಪ್ಪಂಗೆ ಅಂದ್ರು, ಮರೆವು ಅಂದ್ರು — ಮಾವ ತೀರ್ಕೊಂಡು ಆರು ವರ್ಷ ಆಯ್ತು, ಅಂದಳು.

ಈಗಲೇ ಸಿಮ್ಮು ಕಿತ್ತು ಬಿಸಾಕ್ತೀನಿ ಅಂತ ಇವನು ಕೈ ಚಾಚಿದರೆ ಅವಳು ಹಿಂದೆ ಸರಿದಳು, ಬೇಡ, ಇದು ಸತ್ರೆ ಹತ್ತು ನಿಮಿಷಕ್ಕೆ ಅವರು ಇಲ್ಲಿರ್ತಾರೆ. ಇವತ್ತು ನಂಗೆ ಡ್ಯೂಟಿ ಇಲ್ಲ ಅಣ್ಣಾ, ಡ್ಯೂಟಿ ಅಂತ ಹೇಳಿ ಬಂದಿದೀನಿ, ನಂಗೂ ಮಗೂಗೂ ಒಂದು ರೂಮು ನೋಡ್ಬೇಕು, ಎರಡು ಸಲ ಹೋದೆ, ಎರಡು ಸಲವೂ ಗೇಟಲ್ಲಿ ಅವರೇ ನಿಂತಿದ್ರು, ನಗ್ತಾ, ಮನೆ ಓನರಿಗೆ ಊಟ ಆಯ್ತಾ ಅಂತ ಕೇಳ್ತಾ, ಯಾರು ಹೇಳಿದ್ರೋ ಅಂತ ನಾನು ನನ್ನ ತಂಗೀನ ಬೈದೆ, ಮಾತು ಬಿಟ್ಟೆ. ಗೋಡೆಗೆ ಹಾಕೋ ಚಾರ್ಜರ್ ಇದ್ಯಾ ಇದಕ್ಕೆ? ಆಸ್ಪತ್ರೇಲಿ ನಾವು ಬಟ್ಟೆ ಬದಲಾಯಿಸೋ ರೂಮಲ್ಲಿ ಬೀರುವಿನ ಹಿಂದೆ ಒಂದು ಪ್ಲಗ್ಗಿದೆ, ಸಿಕ್ಕಿಸಿ ಹೋಗ್ತೀನಿ, ನನ್ನ ಬದಲಿಗೆ ಇದು ಡ್ಯೂಟಿ ಮಾಡ್ಲಿ. ಉಬ್ಬಿದ ಬ್ಯಾಟರಿಯನ್ನು ಗೋಡೆಗೆ ಸಿಕ್ಕಿಸಿ ಬಿಟ್ಟರೆ ಹೊತ್ತಿಕೊಳ್ಳುತ್ತದೆ, ಐದು ನಿಮಿಷ ಕೊಡಿ, ತಗಡಿನ ಶೆಡ್ಡು, ಸಿಗ್ನಲ್ ಹೋಯ್ತು ಅಂದ್ಕೋತಾನೆ, ಅಂದು ಫೋನಿನ ಬ್ಯಾಟರಿ ಬದಲಿಸಿ ಚಾರ್ಜರಿನ ಜೊತೆ ಕೊಟ್ಟ, ಕಳ್ಳ ವೈರನ್ನು ಬುಡಕ್ಕೇ ಕತ್ತರಿಸಿದ, ಕಾರಿನ ಬ್ಯಾಟರಿಗೆ ಬಿಚ್ಚಿದ್ದ ವೈರು ಕೂಡಿಸಿದ, ಕಾರು ಮೊದಲ ಏಟಿಗೇ ಸ್ಟಾರ್ಟ್ ಆಯಿತು. ಮತ್ತೆ ಫೋನ್ ಮಾಡಿದ್ರೆ ಏನಂತೀರ ಅಣ್ಣಾ? ಬ್ಯಾಟರಿ ಹಾಳಾಗಿತ್ತು ಅಂತೀನಮ್ಮ. ಅವಳು ಫೋನನ್ನು ಪಕ್ಕದ ಸೀಟಿನ ಮೇಲಿಟ್ಟುಕೊಂಡು, ಕಾರಿನ ಹೊಗೆ ಬಿಟ್ಟು ಹೋದಳು. ಮಗಳ ಚುಕ್ಕಿಯನ್ನು ಇವತ್ತೇ ತೆಗೆದುಬಿಡಬೇಕು, ಅವಳು ಬರುವ ಮೊದಲೇ, ಅಲ್ಲ, ಬಂದ ಮೇಲೆ ಎದುರಿಗೆ ಕೂರಿಸಿಕೊಂಡು ಹೇಳಿ ತೆಗೆಯಬೇಕು, ಥೂ ಅಂತ ಉಗಿಯಲಿ, ಉಗಿಸಿಕೊಳ್ಳುವ ಮುಖವೇ ಇದು, ಅಲ್ಲ, ಈಗಲೇ, ಈಗ ತೆಗೆಯದಿದ್ದರೆ ಟೀ ಕುಡಿದ ಮೇಲೆ ಮನಸ್ಸು ಬದಲಾಗುತ್ತದೆ, ಜಿಗುಟು ಬೆರಳಿನಿಂದಲೇ ತನ್ನ ಫೋನು ತೆರೆದ, ತೆಗೆಯಲಿಕ್ಕಂತಲೇ ತೆರೆದದ್ದು, ನೋಡಲಿಕ್ಕಲ್ಲ, ಈ ವ್ಯಕ್ತಿಯನ್ನು ತೆಗೆಯಲೇ ಅಂತ ಕೇಳುತ್ತಿದೆ, ಹೌದು, ಇಲ್ಲ, ಅದರ ಹಿಂದೆ ನಕ್ಷೆ, ಲೈಬ್ರರಿ, ನಾಲ್ಕೂವರೆಯಿಂದ ಅಲ್ಲಿಯೇ, ಓದ್ತಿದಾಳೆ ಮಗಳು, ಎರಡು ವರ್ಷದಿಂದ ದಿನಾ ಎರಡೂವರೆ ಗಂಟೆ, ನೀರು ಕುಡಿಯಲು ಏಳದೆ, ಗೆಳತಿಯ ಜೊತೆ ಮೆಟ್ಟಿಲಿಗೂ ಬಾರದೆ, ಮನೆಯಲ್ಲಿ ಹತ್ತು ನಿಮಿಷ ಒಂದು ಕಡೆ ಕೂರದವಳು, ಒಂದು ಪುಟ ಓದಿ ಮೂರು ಸಲ ಅಡುಗೆಮನೆಗೆ ಬಂದು ಹೋಗುವವಳು, ಗೋಡೆ ಪ್ಲಗ್ಗಿಗೇ ಸಿಕ್ಕಿಸಿಟ್ಟಿರ್ಬೇಕು ಅಂದಳು, ಕೂತಿರ್ಬೇಕು ಅನ್ನಲಿಲ್ಲ, ಫೋನನ್ನಷ್ಟೇ ಅಲ್ಲಿ ಬಿಟ್ಟು ತಾನೆಲ್ಲಿಗೆ ಹೋಗುತ್ತಾಳೆ — ಫೋನು ಮಾಡಿದರೆ, ಗೋಡೆಯ ಬಳಿ ಯಾರೂ ಇಲ್ಲದ ಕಡೆ ಅದು ನಡುಗುತ್ತದೆ ಅಷ್ಟೇ, ಹೌದು ಒತ್ತಿದರೆ ಇಷ್ಟೂ ಗೊತ್ತಿರುವುದಿಲ್ಲ, ಇಲ್ಲ ಒತ್ತಿದರೆ, ಹೆಬ್ಬೆರಳು ಹೌದು ಮತ್ತು ಇಲ್ಲದ ನಡುವೆ, ಕೆಳಗೆ ಚುಕ್ಕಿ, ನೀಲಿ, ಗೋಡೆಗೆ ಒತ್ತಿಕೊಂಡು, ಹಿಗ್ಗುತ್ತ, ಕುಗ್ಗುತ್ತ, ಚುಕ್ಕಿ, ಕದಲದೆ