ತೆರೆಯದ ಸೆಟ್ಟಿಂಗ್ಸ್

ಲ್ಯಾಪ್‌ಟಾಪಿನ ಕೀಲಿಮಣೆಯನ್ನು ಬೋರಲು ಹಾಕಿ ತಟ್ಟಿದಾಗ ಬೆಕ್ಕಿನ ಕೂದಲು, ಬ್ರೆಡ್ಡಿನ ಪುಡಿ, ಒಣಗಿದ ಕಂದು ಚೀಸಿನ ಚೂರು ಮೇಜಿನ ಮೇಲೆ ಉದುರಿದವು. ಸುನ್ನಿವಾ ಮೂಗು ಮುರಿದಳು. ಮೊಲ್ಡೆ ಪಟ್ಟಣದ ಬಂದರು ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಹನ್ನೊಂದು ವರ್ಷವಾಗಿದ್ದರೂ ಈ ಹೊಲಸು ಅವಳಿಗೆ ಒಗ್ಗಿರಲಿಲ್ಲ.

"ನಾಚಿಕೆ ಆಗುತ್ತೆ ಕಣಮ್ಮ," ಎಂದರು ಅದರ ಒಡತಿ, ಎದುರು ಕೂತಿದ್ದ ಗುನ್ವೋರ್. ಎಪ್ಪತ್ತು ದಾಟಿದ ಅವರು ಊರಿನ ಹಳೆಯ ಸೂಲಗಿತ್ತಿ. "ಅಕ್ಷರ ದೊಡ್ಡದು ಮಾಡೋಣ ಅಂತ ಸೆಟ್ಟಿಂಗ್ಸ್ ಒತ್ತಿದ್ರೆ ತೆರೆಯೋದೇ ಇಲ್ಲ. ಅಳಿಯನ್ನ ಕೇಳಿದ್ರೆ, ನಿಮಗ್ಯಾಕೆ ಅತ್ತೆ, ಸುಮ್ನಿರಿ ಅಂತಾನೆ."

ಸುನ್ನಿವಾ ಒತ್ತಿದಳು. ಪರದೆಯಲ್ಲಿ ಸೆಟ್ಟಿಂಗ್ಸ್ ಕಿಟಕಿ ಮಿಂಚಿ ಮಾಯವಾಯಿತು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು, ಅದೇ ಕತೆ. ಫೈಲುಗಳು ಕೆಟ್ಟಿವೆಯೇ ಎಂದು ತಪಾಸಣೆ ಮಾಡಿಸಿದಳು; ಎಲ್ಲ ಸರಿಯಿದ್ದವು. ಕೊನೆಗೆ ಹೊಸ ಹೆಸರಿನಲ್ಲಿ ಖಾತೆ ತೆರೆದು ಒಳಹೊಕ್ಕರೆ ಸೆಟ್ಟಿಂಗ್ಸ್ ತಟ್ಟನೆ ತೆರೆಯಿತು! ಅಂದರೆ ಯಂತ್ರಕ್ಕೆ ರೋಗವಿಲ್ಲ. ಗುನ್ವೋರ್ ಖಾತೆಗೆ ಮಾತ್ರ ಯಾರೋ ಬೇಕೆಂದೇ ಬೀಗ ಜಡಿದಿದ್ದಾರೆ.

ಯಾಕೆ? ಇನ್‌ಸ್ಟಾಲ್ ಆಗಿದ್ದ ಪ್ರೋಗ್ರಾಮುಗಳ ಪಟ್ಟಿ ನೋಡಿದಳು. ಗೊತ್ತಾಗದಂತೆ ಕ್ಯಾಮೆರಾದಿಂದ ಫೋಟೋ ತೆಗೆದು ಬೇರೆಡೆಗೆ ಕಳಿಸುವ ಪ್ರೋಗ್ರಾಮೊಂದು ಅಲ್ಲಿ ಕೂತಿತ್ತು. ಅದನ್ನು ಯಾರೂ ಕಂಡು ಕಿತ್ತುಹಾಕಬಾರದೆಂದೇ ಆ ಬೀಗ. ಅದು ಉಳಿಸಿಟ್ಟಿದ್ದ ಫೋಟೋಗಳಲ್ಲಿ ಗುನ್ವೋರ್: ಒಳಲಂಗದಲ್ಲಿ ಕೂತು ಕಾಫಿ ಕುಡಿಯುತ್ತಾ, ಹಲ್ಲಿನ ಸೆಟ್ ತೆಗೆದಿಟ್ಟು, ಒಮ್ಮೆ ಅಳುತ್ತಾ. ಸುನ್ನಿವಾ ಪರದೆಯನ್ನು ಗುನ್ವೋರ್ ಕಡೆ ತಿರುಗಿಸಿದಳು. ಫೋಟೋ ಹೋಗುತ್ತಿದ್ದ ಇಮೇಲ್ ವಿಳಾಸವನ್ನು ತೋರಿಸಿದಳು.

"ಇದು ಯಾರ್ಲೆಯದು. ನನ್ನ ಅಳಿಯಂದು," ಎಂದ ಗುನ್ವೋರ್ ಅಲ್ಲಿಂದಲೇ ಸ್ಪೀಕರ್ ಹಾಕಿ ಅವನಿಗೆ ಫೋನ್ ಮಾಡಿ, ಯಾಕೆಂದು ಕೇಳಿದರು.

"ನಿಮ್ಮ ಒಳ್ಳೇದಕ್ಕೇ ಅತ್ತೆ," ಎಂದ ಅವನು. "ವಯಸ್ಸಾಗಿದೆ, ಯಾರಾದ್ರೂ ಮೋಸ ಮಾಡಿದ್ರೆ?"

"ಒಳಲಂಗದಲ್ಲಿ ಕೂತಿರೋ ನನ್ನ ನೋಡಿ ಯಾವ ಮೋಸ ತಡೆದ್ಯೋ?"

ಅವನು ನಕ್ಕ. "ಅಯ್ಯೋ, ಅದನ್ನೆಲ್ಲ ಯಾರು ನೋಡ್ತಾರೆ!"

ಆ ನಗು ಲೋಳೆಯ ಹಾಗೆ ಸುನ್ನಿವಾಳ ಕಿವಿಗೆ ಅಂಟಿತು.

"ನಲವತ್ತು ವರ್ಷ ಈ ಊರಿನ ಹೆಂಗಸರ ಮಾನ ಕಾಪಾಡಿದವಳು ನಾನು," ಎಂದರು ಗುನ್ವೋರ್. "ಥೂ! ಇನ್ನು ನನ್ನ ಮನೆ ಹೊಸ್ತಿಲು ತುಳಿದೀಯ ಜೋಕೆ!"

ಫೋನ್ ಇಟ್ಟು ಸುನ್ನಿವಾಳ ಕಡೆ ತಿರುಗಿದರು. "ಎಲ್ಲ ಫೋಟೋನೂ ಒಂದು ಪೆನ್‌ಡ್ರೈವಿಗೆ ಹಾಕಿಕೊಡು. ಪೊಲೀಸರಿಗೆ ಬೇಕಾಗುತ್ತೆ."

"ಮಗಳಿಗೆ ಮೊದಲು ಹೇಳಲ್ವಾ?"

"ಹೇಳಿದ್ರೆ ಬೇಡ ಅಂತಾಳೆ. ನಾನು ಕರಗಿಬಿಡ್ತೀನಿ."

ಕೋಟಿನ ಗುಂಡಿ ಕೂಡ ಹಾಕಿಕೊಳ್ಳದೆ ಅವರು ಠಾಣೆಗೆ ನಡೆದರು. ಯಾರ್ಲೆಯ ಮೇಲೆ ಕೇಸಾಯಿತು. ಮಗಳು ಮಾರಿಟ್ ಎರಡು ತಿಂಗಳು ತಾಯಿಯ ಜೊತೆ ಮಾತಾಡಲಿಲ್ಲ. ಆಮೇಲೊಂದು ಮಧ್ಯಾಹ್ನ ತನ್ನ ಕಂಪ್ಯೂಟರನ್ನು ಕಂಕುಳಲ್ಲಿ ಅವಚಿಕೊಂಡು ಸುನ್ನಿವಾಳ ಅಂಗಡಿಗೆ ಬಂದಳು.

"ಇದನ್ನೂ ಒಂದು ಸಲ ನೋಡ್ತೀಯಾ?" ಎಂದಳು, ತಲೆ ಎತ್ತದೆ.